ಮೂರೂ ಕಡೆ ಸಮನಾಗಿ ಸುಟ್ಟ ತಂತಿ

ಬೆಳಿಗ್ಗೆ ಒಂಬತ್ತೂಕಾಲಿಗೆ ಆಕೆಯ ಮೇಜಿನ ಮೇಲೆ ಹನ್ನೊಂದನೆಯ ಮೋಟಾರು ಬಂದು ಕೂತಿತ್ತು. ಅದಕ್ಕೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ: ‘ವೈಂಡಿಂಗ್ ದೋಷ’. ಅಕ್ಷರ ಮೈದುನನದು. ಆಕೆ ಚೀಟಿಯನ್ನು ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿದಳು. ಅಲ್ಲಿ ಇಂಥ ಚೀಟಿಗಳು ಆಗಲೇ ಹತ್ತು ಇದ್ದವು.

ಯಜಮಾನನ ಅತ್ತಿಗೆಯಾದ್ದರಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಆಕೆ ಅತ್ತಿಗೆಯೇ. ವಯಸ್ಸು ಐವತ್ತೆರಡು. ನೀರೆತ್ತುವ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದನ್ನು ಗಂಡನ ಪಕ್ಕದಲ್ಲಿ ಕೂತು ಕಲಿತವಳು. ಗಂಡ ತೀರಿಕೊಂಡ ಮೇಲೆ ಮೈದುನ ಕಸುಬನ್ನು ಬದಲಿಸಿದ. ಈಗ ಹಳೆಯ ಪೆಟ್ರೋಲ್ ಬೈಕುಗಳ ಮುಂದಿನ ಚಕ್ರದೊಳಗೆ ಮೋಟಾರು ಕೂರಿಸಿ ಅವನ್ನು ಹೈಬ್ರಿಡ್ ಮಾಡಿಕೊಡುತ್ತಾರೆ. ಊರೊಳಗೆ ಬ್ಯಾಟರಿ, ಹೆದ್ದಾರಿಗೆ ಬಿದ್ದರೆ ಎಂಜಿನ್.

ಮೋಟಾರು ಬ್ರಷ್‌ಲೆಸ್. ನಡುವೆ ತಾಮ್ರದ ಸುರುಳಿಗಳು ಮೂರು ಸಾಲಾಗಿ, ಸಾಲಿಗೊಂದು ಬಣ್ಣದ ತಂತಿಯೊಂದಿಗೆ ಅಲುಗದೆ ಕೂತಿರುತ್ತವೆ, ಸುತ್ತಲಿನ ಅಯಸ್ಕಾಂತದ ಬಳೆ ತಿರುಗುತ್ತದೆ. ಯಾವ ಕ್ಷಣ ಯಾವ ಸುರುಳಿಗೆ ಕರೆಂಟು ಕೊಡಬೇಕೆಂದು ಕಂಟ್ರೋಲರ್ ಎಂಬ ಡಬ್ಬಿ ತೀರ್ಮಾನಿಸುತ್ತದೆ. “ಉಜ್ಜೋ ಬ್ರಷ್ಷೇ ಇಲ್ಲ, ಸವೆಯೋದೆಲ್ಲಿಂದ?” ಎಂದು ಆಕೆ ಗಿರಾಕಿಗಳಿಗೆ ಹೇಳುವುದುಂಟು. ಸುತ್ತುವಾಗ ಯಾರು ಕರೆದರೂ ಓಗೊಡುವುದಿಲ್ಲ. ಒಂದು ಸುತ್ತಿನ ಎಣಿಕೆ ತಪ್ಪಿದರೂ ಇಡೀ ಸುರುಳಿ ಬಿಚ್ಚಿ ಮೊದಲಿನಿಂದ ಶುರು. ಕೊನೆಗೆ ಕೆಂಪು ದಾರದ ಒಂದು ಗಂಟು, ಅದೇ ಆಕೆಯ ಸಹಿ.

ಆ ಗಂಟೇ ಈಗ ಆಕೆಯ ವಿರುದ್ಧದ ಸಾಕ್ಷಿ. ಮೋಟಾರು ಸುಟ್ಟುಹೋದ ಗಿರಾಕಿಗಳಿಗೆಲ್ಲ ಮೈದುನ ಪತ್ರ ಬರೆದಿದ್ದ: ಕೈಯಲ್ಲಿ ಸುತ್ತಿದ ವೈಂಡಿಂಗ್‌ನಿಂದ ತೊಂದರೆಯಾಗಿದೆ, ತಿಂಗಳ ಕೊನೆಗೆ ಯಂತ್ರದಲ್ಲಿ ಸುತ್ತಿದ ಸುರುಳಿಗಳನ್ನು ತರಿಸುತ್ತೇವೆ. ಅಂದರೆ ಆಕೆಯ ಹೆಸರೂ ಹೋಯಿತು, ಮೇಜೂ ಹೋಯಿತು. ಸುಟ್ಟ ಮೋಟಾರುಗಳನ್ನು ಆಕೆಗೆ ತೋರಿಸಿ, ಬಿಚ್ಚದೆ ಹಾಗೆಯೇ ಗುಜರಿಗೆ ಹಾಕಬೇಕೆಂದೂ ಅವನು ಅಪ್ಪಣೆ ಮಾಡಿದ್ದ. ಪತ್ರದ ಪ್ರತಿಯನ್ನು ಆಕೆ ನೋಡಿದ್ದು ಹಿಂದಿನ ಸಂಜೆ.

“ಸ್ಪ್ಯಾನರ್ ಕೊಡು,” ಎಂದಳು ಫಿಟ್ಟರಿಗೆ. ಎಲ್ಲದಕ್ಕೂ ಅವಸರ ಮಾಡುವ ಅವನ ಹೆಸರೇ ಅರ್ಜೆಂಟ್.

“ಅತ್ತಿಗೆ, ಅಣ್ಣ ಬಿಚ್ಚಬೇಡಿ ಅಂದಿದ್ರಲ್ಲಾ...”

“ನಿಮ್ಮಣ್ಣಂಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ನಾನು. ಕೊಡು ಅಂದೆ.”

ಮುಚ್ಚಳ ತೆಗೆದಾಗ ಸುಟ್ಟ ವಾರ್ನಿಷಿನ ವಾಸನೆ ಎದ್ದಿತು. ಆಕೆ ದೀಪ ಹತ್ತಿರ ಎಳೆದುಕೊಂಡಳು.

“ನೋಡಿಲ್ಲಿ. ನನ್ನ ಸುತ್ತು ಕೆಟ್ಟಿದ್ರೆ ಒಂದು ಕಡೆ ಸುಡ್ತಿತ್ತು, ಪಕ್ಕದ್ದು ತಾಮ್ರದ ಬಣ್ಣದಲ್ಲೇ ಇರ್ತಿತ್ತು. ಇದು ಮೂರೂ ಸಾಲು ಬಾಣಲೆ ತಳದ ಥರ ಒಂದೇ ಕಪ್ಪು. ಹೊರಗಿಂದ ಕರೆಂಟು ಸುರಿದು ಸುಟ್ಟಿದ್ದೀರಿ ಕಣೋ.”

ಗುಜರಿ ಮೂಲೆಯಿಂದ ಇನ್ನೂ ನಾಲ್ಕನ್ನು ತರಿಸಿ ಬಿಚ್ಚಿದಳು. ನಾಲ್ಕೂ ಹಾಗೆಯೇ ಇದ್ದವು.

ಆಮೇಲೆ ಹೊಸ ಮೋಟಾರೊಂದನ್ನು ಎಂದಿನಂತೆ ಜೋಡಿಸು ಎಂದಳು. ಅರ್ಜೆಂಟ್ ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ತಂತಿ ಸೇರಿಸಿ, ಮುಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆತ್ತಿ ಥ್ರಾಟಲ್ ತಿರುವಿದ. ಚಕ್ರ ಗೊರಗೊರ ಎನ್ನುತ್ತಾ ತಿರುಗಿತು.

“ಬುಗುರಿ ಬುಗುರಿ!” ಎಂದ.

ಆಕೆ ತಂತಿಗೆ ಮೀಟರ್ ಕಚ್ಚಿಸಿದಳು. “ಏಳು ಆಂಪ್ಸ್. ಗಾಳೀಲಿ ತಿರುಗೋಕೆ ಏಳಾ? ಒಂದೂವರೆ ಸಾಕು.”

“ಹೊಸ ಕಂಪನಿ ಡಬ್ಬಿ ಅತ್ತಿಗೆ, ಸ್ವಲ್ಪ ಜಾಸ್ತಿ ಕುಡಿಯುತ್ತೆ.”

“ಕುಡಿದಿರೋದು ಡಬ್ಬಿ ಅಲ್ಲ.”

ಆಕೆ ತಂತಿಗಳನ್ನು ಅದಲುಬದಲು ಮಾಡುತ್ತಾ ಹೋದಳು. ನಾಲ್ಕನೆಯ ಸಲ ಗೊರಗೊರ ನಿಂತು ಚಕ್ರ ಸದ್ದಿಲ್ಲದೆ ತಿರುಗಿತು. ಮೀಟರಿನಲ್ಲಿ ಒಂದು ಪಾಯಿಂಟ್ ನಾಲ್ಕು. ಎರಡು ತಿಂಗಳ ಹಿಂದೆ ತರಿಸಿದ ಹೊಸ ಕಂಟ್ರೋಲರಿನಲ್ಲಿ ಬಣ್ಣಗಳ ಕ್ರಮವೇ ಬೇರೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅದು ಬರೆದಿತ್ತು, ಕಾಗದವನ್ನು ಯಾರೂ ಬಿಡಿಸಿರಲಿಲ್ಲ. ಚಕ್ರ ತಿರುಗಿದರೆ ಸಾಕು, ಬೈಕು ಪಾಸು. ರಸ್ತೆಯಲ್ಲಿ ಸವಾರನ ಭಾರ ಬಿದ್ದಾಗ ಮೋಟಾರು ಒಳಗೇ ಬೇಯುತ್ತಿತ್ತು.

ಹನ್ನೊಂದು ಗಂಟೆಗೆ ಮೈದುನ ಬಂದ. ಮೀಟರ್ ನೋಡಿದ, ಬಿಚ್ಚಿಟ್ಟ ಮೋಟಾರುಗಳನ್ನೂ ನೋಡಿದ. ಅವನೂ ಅದೇ ಅಂಗಡಿಯಲ್ಲಿ ಬೆಳೆದವನು, ಬಿಡಿಸಿ ಹೇಳಬೇಕಾಗಲಿಲ್ಲ.

“ಆಯ್ತು ಅತ್ತಿಗೆ, ಗೊತ್ತಾಯ್ತಲ್ಲ, ಬಿಡಿ. ಮನೆ ಮಾತು ಹೊರಗ್ಯಾಕೆ?”

“ನನ್ನ ಕೈ ಕೆಟ್ಟಿದೆ ಅಂತ ಹನ್ನೊಂದು ಮನೆಗೆ ಬರೆದಾಗ ಅದು ಮನೆ ಮಾತಾಗಿರಲಿಲ್ವಾ?”

“ವೈರು ತಪ್ಪಾಗಿ ಕೊಟ್ವಿ ಅಂತ ಬರೆದ್ರೆ ನಮ್ಮ ಮರ್ಯಾದೆ?”

“ನಮ್ಮ ಅಂದ್ರೆ ಯಾರದಪ್ಪಾ?”

ಆಕೆ ಜೇಬಿನಿಂದ ಹನ್ನೊಂದು ಚೀಟಿ ತೆಗೆದು ಅವನೆದುರು ಮೇಜಿನ ಮೇಲೆ ಹರಡಿದಳು. ಮೈದುನ ದನಿ ತಗ್ಗಿಸಿದ. “ತಾಂತ್ರಿಕ ಕಾರಣ ಅಂತ ಬರೆದುಬಿಡ್ತೀನಿ. ಯಾರ ತಪ್ಪೂ ಬೇಡ.”

“ಹಾಗಾದ್ರೆ ತಾಂತ್ರಿಕ ಕಾರಣದಿಂದ ನಾಳೆಯಿಂದ ನಾನೂ ಬರಲ್ಲ.”

ಮರುದಿನ ಆಕೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಹನ್ನೊಂದು ಮೋಟಾರುಗಳನ್ನು ಮತ್ತೆ ಸುತ್ತಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ, ಗಿರಾಕಿಗಳ ಫೋನು ನಿಲ್ಲುತ್ತಿರಲಿಲ್ಲ. ಮೂರನೆಯ ದಿನ ಹೊಸ ಪತ್ರ ಹೋಯಿತು: ತಪ್ಪು ತಂತಿ ಜೋಡಣೆಯದು, ವೈಂಡಿಂಗ್‌ನದಲ್ಲ. ನಾಲ್ಕನೆಯ ದಿನ ಒಂಬತ್ತಕ್ಕೆ ಆಕೆ ಮೇಜಿಗೆ ಕೂತು ಮೊದಲ ಮೋಟಾರಿನ ಕಪ್ಪು ತಂತಿಯನ್ನು ಕತ್ತರಿಸತೊಡಗಿದಳು. ಮೈದುನನ ಜೊತೆ ಮಾತಿಲ್ಲ.

ಯಂತ್ರದ ಸುರುಳಿಗಳ ಆರ್ಡರನ್ನು ಅವನು ರದ್ದು ಮಾಡಿಲ್ಲ. ಅವು ಇಪ್ಪತ್ತೆಂಟನೆಯ ತಾರೀಕು ಬರುತ್ತವೆ.