ಹೊನ್ನೆಮರಗಳ ಬುಡದ ಮಣ್ಣು

ಮೊನ್ನೆ ಕಾಪು ಪೇಟೆಯ ಮದ್ದಿನ ಅಂಗಡಿಯಲ್ಲಿ ಮೊಣಕಾಲು ನೋವಿಗೆಂದು ಒಂದು ಸಣ್ಣ ಬಾಟಲಿ ಎಣ್ಣೆ ಕೊಟ್ಟರು. ಮನೆಗೆ ಬಂದು ಮುಚ್ಚಳ ತೆಗೆದದ್ದೇ ತಡ, ಹೊನ್ನೆ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ನನ್ನ ಬಾಲ್ಯದಲ್ಲಿ, ಊರಿಗೆ ಕರೆಂಟು ಬರುವ ಮೊದಲು, ನಮ್ಮ ಮನೆಯಲ್ಲಿ ಉರಿಯುತ್ತಿದ್ದುದು ಇದೇ ಎಣ್ಣೆಯ ದೀಪ. ಗೋಡೆಯೆಲ್ಲ ಮಸಿ, ಬೆಳಿಗ್ಗೆ ಮೂಗು ಸೀಟಿದರೆ ಅದೂ ಕಪ್ಪು. ಆಗ ಈ ವಾಸನೆ ಎಂದರೆ ನನಗೆ ಹೇಸಿಗೆ. ಈಗ ಅದಕ್ಕೇ ಕಣ್ಣು ತುಂಬಿತು, ಅದರ ಬೆನ್ನಿಗೇ ಸೋದರಮಾವನ ಮೇಲಿನ ಹಳೆಯ ಸಿಟ್ಟೂ ಎದ್ದು ಬಂತು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ನಾನು ಬೈಯುತ್ತೇನೆ.

ನಮ್ಮ ಗದ್ದೆಗಳ ಆಚೆ, ಹೊಳೆಯ ತಿರುವಿನಲ್ಲಿ ಅಜ್ಜಿಯ ಕಾಡು ಇತ್ತು. ನೀರಿನ ಅಂಚಿಗೆ ಮುಳ್ಳಿನ ಕೇದಗೆ, ಅದರ ಹಿಂದೆ ಹೊನ್ನೆ, ನೇರಳೆ, ಹೊಳೆಮತ್ತಿ. ಮಳೆಗಾಲದ ನೆರೆಯಲ್ಲಿ ಕಾರ್ಕಳದ ಕಡೆಯ ಗುಡ್ಡಗಳ ಕೆಂಪು ನೀರು ಮರಗಳ ನಡುವೆ ನುಗ್ಗಿ, ಬೇರುಗಳಲ್ಲಿ ತಡೆದು ನಿಂತು, ಹೋಗುವಾಗ ನುಣ್ಣನೆಯ ಮೆಕ್ಕಲು ಬಿಟ್ಟು ಹೋಗುತ್ತಿತ್ತು. ಮೇಲೆ ತರಗೆಲೆ, ಅದರ ಕೆಳಗೆ ಹಿಡಿದರೆ ಹುಡಿಯಾಗುವ ಕಪ್ಪು ಮಣ್ಣು, ಇನ್ನೂ ಕೆಳಗೆ ಕೊಳೆತ ಮೊಟ್ಟೆಯಂತೆ ನಾರುವ ಬೂದು ಜೇಡಿ, ಅದರ ಅಡಿಯಲ್ಲಿ ಬರೀ ಮರಳು. ಆ ಕಾಡು ನನಗೆ ಪ್ರೀತಿಯದಾಗಿತ್ತು ಎಂದರೆ ಸುಳ್ಳಾದೀತು. ಸೊಳ್ಳೆ, ಲೋಳೆ ಹುಳ, ಬಾವಲಿಗಳು ತಿಂದು ಉಗಿದ ಹೊನ್ನೆಕಾಯಿ, ಕಾಲಿಗಂಟಿದರೆ ಬಿಡದ ಕೆಸರು. ಆದರೆ ಆ ಕಾಯಿಗಳನ್ನು ಹೆಕ್ಕಿ ಒಣಗಿಸಿ ಗಾಣಕ್ಕೆ ಕೊಟ್ಟರೆ ಮಾತ್ರ ವರ್ಷದ ದೀಪದ ಎಣ್ಣೆ.

ಅಲ್ಲಿಗೆ ಕಬ್ಬಿಣ ಒಯ್ಯಬಾರದೆಂಬುದು ನಮ್ಮ ಮನೆಯ ಹೆಂಗಸರ ಕಟ್ಟು. ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸುವವರು ಕತ್ತಿಯನ್ನು ಗದ್ದೆಯ ಬದುವಿನಲ್ಲೇ ಇಟ್ಟು, ಬರಿಯ ಕಡ್ಡಿಪೊರಕೆ ಹಿಡಿದು ಒಳಗೆ ಹೋಗಬೇಕು. ಪೊರಕೆಯ ಮೊನೆಗೆ ಕಪ್ಪು ಮಣ್ಣು ತಗಲಿದರೆ ಅಜ್ಜಿ, "ಸಾಕು, ಇನ್ನು ಉಳಿದದ್ದು ಹೊಳೆಯ ಪಾಲು," ಎನ್ನುತ್ತಿದ್ದರು.

ಮಾವ, ಎಂದರೆ ಅಜ್ಜಿಯ ಹಿರಿಮಗ, ಮನೆಯ ಯಜಮಾನ. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೆಣ್ಣಿನದು, ಬಾಯಿ ಗಂಡಿನದು. ಅವರ ಹೆಂಡತಿಯ ತವರು ಮಟ್ಟು ಎಂಬ ಊರು. ಒಮ್ಮೆ ಅಲ್ಲಿ ಆ ಊರಿನ ಗುಳ್ಳ ಬದನೆಯ ಸಾಂಬಾರು ಉಣ್ಣುತ್ತಿದ್ದಾಗ ಅವರ ಭಾವನೆಂಟ ನಗುತ್ತಾ, "ಹೊಟ್ಟೆ ತುಂಬ ಉಣ್ಣಿ ಭಾವ, ನಿಮ್ಮಲ್ಲಿ ಇದು ಆಗುವುದಿಲ್ಲ. ಇದು ನಮ್ಮ ಮಣ್ಣಿನ ಗುಣ," ಎಂದರಂತೆ. ಅಷ್ಟೇ ಸಾಕಾಯಿತು. ಒಂದು ಬದನೆಕಾಯಿಗೆ ಮಾವನ ಮರ್ಯಾದೆ ಹೋಯಿತು! ಬೀಜ ತಂದರು, ಮಳೆ ನಿಂತ ಮೇಲೆ ಅಂಗಳದಾಚೆ ಪಾತಿ ಮಾಡಿಸಿದರು, ಆಳುಗಳ ಕೈಗೆ ಹಾರೆ ಕೊಟ್ಟು ಕಾಡಿನ ಕಪ್ಪು ಮಣ್ಣು ಹೊರಿಸತೊಡಗಿದರು.

ಅಜ್ಜಿ ಬದುವಿಗೆ ಅಡ್ಡ ನಿಂತರು. "ಬೇರಿನ ಮೈಮೇಲಿನ ಬಟ್ಟೆ ಅದು ಮಗಾ, ಎಳೆಯಬೇಡ."

"ನಿಮಗೆಂತ ಗೊತ್ತುಂಟು ಅಮ್ಮ? ಸುಮ್ಮನೆ ಕೊಳೆಯುವ ಮಣ್ಣು ಅಲ್ವಾ ಅದು?"

ಆಳುಗಳು ತಲೆ ತಗ್ಗಿಸಿ ಅಜ್ಜಿಯನ್ನು ಬಳಸಿ ಹೋದರು. ಕೆಲವೇ ದಿನಗಳಲ್ಲಿ ಹೊನ್ನೆಮರಗಳು ಪುಕ್ಕ ಕಿತ್ತ ಕೋಳಿಗಳ ಹಾಗೆ ಬೇರು ಬಿಟ್ಟುಕೊಂಡು ನಿಂತವು. ಅಗೆದ ಗುಂಡಿಗಳಲ್ಲಿ ಬೂದು ಜೇಡಿ ಬಾಯಿ ತೆರೆದು, ಅದರ ನಾತ ಅಡುಗೆಮನೆಯ ತನಕ ಬರುತ್ತಿತ್ತು.

ಗುಳ್ಳ ಬೆಳೆಯಿತು. ಬೆಳೆಯಲಿಲ್ಲ ಎಂದು ಹೇಳುವ ಹಾಗಿಲ್ಲ. ಮಕ್ಕಳ ತಲೆಯಷ್ಟು ದಪ್ಪ, ಒಳಗೆಲ್ಲ ಬೀಜ, ಬಾಯಿಗಿಟ್ಟರೆ ಕಹಿ. ಮಾವ ಭಾವನೆಂಟರನ್ನು ಮಟ್ಟುವಿನಿಂದ ಊಟಕ್ಕೇ ಕರೆಸಿದರು. ಅವರು ಒಂದು ತುತ್ತು ನುಂಗಿ, ಮರ್ಯಾದಸ್ಥರು, "ದೊಡ್ಡದು ಉಂಟು ಭಾವ," ಎಂದರು. ಮಾವ ಮಾತ್ರ ಎಲೆಯಲ್ಲಿದ್ದ ಅಷ್ಟನ್ನೂ ಬೆವರುತ್ತಾ ತಿಂದು, ಚೆನ್ನಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡರು. ಆ ದವಡೆ ಆಡುತ್ತಿದ್ದುದನ್ನು ನೆನೆದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ಮುಂದಿನ ಆಟಿ ತಿಂಗಳ ಮಳೆಯ ನೆರೆಗೆ ತಡೆಯುವವರು ಯಾರೂ ಇರಲಿಲ್ಲ. ನೀರು ಗುಂಡಿಗಳಲ್ಲಿ ಸುತ್ತಿ ಸುತ್ತಿ ಅಡಿಯ ಮರಳನ್ನು ಕೊರೆಯಿತು. ಹೊನ್ನೆಮರಗಳು ಒಂದೊಂದಾಗಿ ಹೊಳೆಗೆ ಮಲಗಿದವು, ಅವುಗಳ ಹಿಂದೆಯೇ ದಡ, ದಡದ ಹಿಂದೆ ಎರಡು ಗದ್ದೆ. ನೀರಿಳಿದಾಗ ಉಳಿದದ್ದು ಬಿಳಿ ಮರಳು, ಅದರ ಮೇಲೆ ಕೊಳೆಯುತ್ತಿದ್ದ ಮೀನು. ಇಂದು ಅಲ್ಲಿ ಕೋಳಿ ಅಂಗಡಿಯವರು ಚೀಲಗಟ್ಟಲೆ ಕರುಳು ಸುರಿದು ಹೋಗುತ್ತಾರೆ. ಥೂ.

ಮನೆಯಲ್ಲಿದ್ದ ಹೊನ್ನೆ ಎಣ್ಣೆ ಮುಗಿದ ದಿನ ಮಾವ ಪೇಟೆಯಿಂದ ಸೀಮೆಯ ಚಿಮಿಣಿ ಎಣ್ಣೆ ತಂದು, ಮುಸ್ಸಂಜೆಗೆ ತಾವೇ ದೀಪ ಹಚ್ಚಿ ಅಜ್ಜಿಯ ಎದುರು ಇಟ್ಟರು. "ನೋಡಿ ಅಮ್ಮ, ಹೊಗೆಯೇ ಇಲ್ಲ. ಎಷ್ಟು ಬೆಳಕು ಉಂಟು!"

ಅಜ್ಜಿ ಬಗ್ಗಿ ದೀಪವನ್ನು ಊದಿದರು. "ಬೇಡ. ನಿನ್ನ ಮೋರೆ ಕಾಣುವುದು ಬೇಡ ನನಗೆ."

ಅಂದಿನಿಂದ ಅವರಿರುವ ತನಕ ಅವರ ಕೋಣೆಯಲ್ಲಿ ದೀಪ ಹಚ್ಚಲಿಲ್ಲ. ಕತ್ತಲೆಯಲ್ಲೇ ಉಂಡರು, ಕತ್ತಲೆಯಲ್ಲೇ ನಮಗೆ ಕತೆ ಹೇಳಿದರು, ಹೋದದ್ದೂ ಹಾಗೆಯೇ.

ಮೊನ್ನೆ ಆ ಬಾಟಲಿಯ ಎಣ್ಣೆಯನ್ನು ನಾನು ಮೊಣಕಾಲಿಗೆ ಹಚ್ಚಲಿಲ್ಲ. ಒಂದು ಹಣತೆಗೆ ಸುರಿದು ಬತ್ತಿ ಹೊತ್ತಿಸಿದೆ. ಕಪ್ಪು ಹೊಗೆ ಎದ್ದಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, "ಛೀ, ಎಂತ ವಾಸನೆ ಅತ್ತೆ ಇದು? ನಂದಿಸಲಾ?" ಎಂದಳು.

"ಇರಲಿ ಮಗಾ, ಸ್ವಲ್ಪ ಹೊತ್ತು," ಎಂದೆ. ಅಜ್ಜಿಯ ಮೋರೆ ಕಾಣಬೇಕಿತ್ತು ನನಗೆ.