ಹೆಬ್ಬೆರಳ ಮೇಲೆ ಎಳೆದ ಸೂಜಿ

ಎಪ್ಪತ್ತರ ದಶಕದ ನಡುವೆ ಚಿತ್ರದುರ್ಗದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು, ಇಲ್ಲಿ ಹೆಚ್ಚು ದಿನ ಇರುವವನಲ್ಲ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಆಗ ಸೂಜಿಗಳನ್ನು ಬಿಸಾಡುತ್ತಿರಲಿಲ್ಲ. ಮೊಂಡಾದದ್ದನ್ನು ನಾನು ತೊಳೆದು, ಕುದಿಸಿ ಕೊಡಬೇಕು. ಆಯಾ ಅದನ್ನು ಸಾಣೆಕಲ್ಲಿಗೆ ಹಿಡಿಯಬೇಕು. ಆಕೆ ಹರಿಯಬ್ಬೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಸಾಣೆ ಹಿಡಿದ ಮೇಲೆ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಮತ್ತೆ ಉಜ್ಜಬೇಕು. ಆಕೆ ಹತ್ತಿ ಮುಟ್ಟುತ್ತಿರಲಿಲ್ಲ. ಎಡಗೈ ಹೆಬ್ಬೆರಳ ಮೇಲೆ ಎಳೆದು ನೋಡುತ್ತಿದ್ದಳು.

“ಅಕ್ಕ, ಹತ್ತಿ ಯಾಕೆ ಇಟ್ಟಿರೋದು?” ಎಂದರೆ, “ಹತ್ತಿಗೇನ್ ನೋವಾಗ್ತೈತಾ ಸಾರ್? ಚುಚ್ಚಿಸ್ಕಳೋದು ಚರ್ಮ ತಾನೆ. ಮೈಸೂರಾಗೆ ಇದ್ನ ಹೇಳ್ಕೊಡ್ಲಿಲ್ವಾ?” ಎನ್ನುವಳು.

ಒಂದು ಬೆಳಿಗ್ಗೆ ಯಲ್ಲದಕೆರೆಯಿಂದ ಬಂದ ಕುರಿಗಾಹಿಯೊಬ್ಬನ ರಕ್ತ ತೆಗೆದೆ. ಅವನ ಕಣ್ಣು ಹಳದಿಯಾಗಿದ್ದವು. ಸೂಜಿ ಮೊಂಡಾಗಿತ್ತು, ಸಾಣೆಯ ತಟ್ಟೆಗೆ ಹಾಕಿದೆ. ಕುದಿಸಿ ಹಾಕಿದೆನೋ, ಸೀಮೆಎಣ್ಣೆ ಮುಗಿದಿತ್ತೆಂದು ಬರೀ ತೊಳೆದು ಹಾಕಿದೆನೋ, ಇಂದಿಗೂ ಹೇಳಲಾರೆ. ಆರಿದ ಸ್ಟೌವಿನ ವಾಸನೆ ನೆನಪಿದೆ. ಅದು ಆ ದಿನದ್ದೇ ಎನ್ನಲು ಆಧಾರವಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ಹೆಬ್ಬೆರಳು ಒತ್ತಿ ಹಿಡಿದು ಕೂತಿದ್ದಳು, ರಕ್ತ ಬಂದಿತ್ತು.

“ಡಾಕ್ಟರಿಗೆ ಹೇಳ್ಬೇಕು ಅಕ್ಕ.”

“ಬೆರಳ ಮ್ಯಾಲೆ ಎಳಿತೀನಿ ಅಂತ ಹೇಳಿ ಬೈಸ್ಕಳಾಣೇನು? ಸುಮ್ನಿರ್ರಿ.”

ಸುಮ್ಮನಿದ್ದೆ. ಅದು ನನಗೂ ಅನುಕೂಲವಾಗಿತ್ತು.

ಎರಡೂವರೆ ತಿಂಗಳಿಗೆ ಆಕೆಗೆ ಕಾಮಾಲೆಯಾಯಿತು. ಕೆಲಸದಿಂದ ಬಂದ ಕಾಯಿಲೆ ಎಂದಾದರೆ ಜಾಗ ಉಳಿಯುತ್ತಿತ್ತು; ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಿದ್ದರು. ಗೋಡೆ ಹಿಡಿದುಕೊಂಡು ಲ್ಯಾಬಿಗೆ ಬಂದಳು.

“ಚುಚ್ಕಂಡಿದ್ದು ನೀವು ನೋಡಿದ್ರಲ್ಲ ಸಾರ್. ಎಲ್ಡು ಸಾಲು ಬರ್ಕೊಡ್ರಿ.”

ಬರೆದೆ. ಬೆರಳಿಗೆ ಸೂಜಿ ತಗುಲಿದ್ದು ನಿಜ; ಆದರೆ ಈ ಬೇಸಿಗೆಯಲ್ಲಿ ಊರಿನ ಹಲವರಿಗೆ ಕಾಮಾಲೆ ಬಂದಿರುವುದರಿಂದ ಕಾರಣ ಇದೇ ಎಂದು ಖಚಿತವಾಗಿ ಹೇಳಲಾಗದು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಸೂಜಿ ಯಾರ ರಕ್ತ ತೆಗೆದದ್ದು ಎಂದು ಮಾತ್ರ ಬರೆಯಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು, “ನಿಮ್ ಮಾತು ಕೇಳ್ತಾರೆ ಬಿಡ್ರಿ, ಓದಿದೋರು” ಎಂದು ಹೋದಳು.

ಕೇಳಿದರು. ಹದಿನೈದು ದಿನಕ್ಕೆ ಆಕೆಯ ಸ್ಟೂಲಿನ ಮೇಲೆ ಬೇರೊಬ್ಬ ಹೆಂಗಸು ಕೂತಿದ್ದಳು. ಹೇಳಿಕೊಟ್ಟಂತೆ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದಳು. ಅವಳಿಗೆ ಕೊಡುವ ಸೂಜಿಗಳನ್ನು ನಾನು ಎರಡೆರಡು ಸಲ ಕುದಿಸುತ್ತಿದ್ದೆ. ಇದು ಮಾತ್ರ ಚೆನ್ನಾಗಿ ನೆನಪಿದೆ.