ಚಿಕ್ಕಪ್ಪನ ನಡಿಗೆ

ಕಂಪ್ಯೂಟರ್ ಆಟಗಳಿಗೆ ಜನಜಂಗುಳಿ ಕಟ್ಟಿಕೊಡುವುದು ಅವಳ ಕೆಲಸ. ಆಫೀಸಿನವರು ಅವಳನ್ನು ‘ಜನಗಣತಿ’ ಎಂದೇ ಕರೆಯುತ್ತಿದ್ದರು. ಒಂದಷ್ಟು ಮೈಕಟ್ಟು, ಒಂದಷ್ಟು ನಡಿಗೆ ಮಾಡಿಟ್ಟುಕೊಂಡು ಅಂಗಿಯ ಬಣ್ಣ, ಎತ್ತರ ಅದಲುಬದಲು ಮಾಡಿದರೆ ಪರದೆಯ ತುಂಬ ಸಾವಿರಾರು ಮಂದಿ. ಹತ್ತಿರದವರಿಗೆ ಮಾತ್ರ ಕಣ್ಣು, ಮೂಗು. ದೂರದವರು ಬರೀ ಚಪ್ಪಟೆ ಚಿತ್ರ. ಎಲ್ಲರನ್ನೂ ಪೂರ್ತಿ ಬಿಡಿಸಹೋದರೆ ಯಂತ್ರ ಏದುಸಿರು ಬಿಡುತ್ತದೆ.

ಆದರೂ ಆ ಮಂದಿ ಕವಾಯತು ಮಾಡುವವರ ಹಾಗೆ ಕಾಣುತ್ತಿದ್ದರು. ಆಗ ಅವಳಿಗೆ ಚಿಕ್ಕಪ್ಪನ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಜೊತೆ ಸೇರಿ ಅವಳನ್ನು ಸಾಕಿದವರು. ಕಾರ್ಖಾನೆಯಲ್ಲಿ ಕಾಲು ಮುರಿದುಕೊಂಡಾಗಿನಿಂದ ಬಲಗಾಲನ್ನು ಹೊರಕ್ಕೆ ಬೀಸಿ, ತೊಡೆ ಒತ್ತಿಕೊಂಡು ನಡೆಯುತ್ತಿದ್ದರು. ಆ ನಡಿಗೆಯನ್ನು ಆಟಕ್ಕೆ ಸೆರೆಹಿಡಿಯಲು ಅವರನ್ನು ಆಫೀಸಿಗೆ ಕರೆದಳು.

“ನನ್ನ ನಡಿಗೆ ಯಾರಿಗೆ ಬೇಕಮ್ಮ?” ಎಂದು ನಾಚಿಕೊಂಡೇ ಬಂದರು. ಮೈಯ ಚಲನೆಯನ್ನು ಕಂಪ್ಯೂಟರಿಗೆ ತೋರಿಸುವ ಬಿಳಿ ಗುಂಡುಗಳನ್ನು ಮೈಗೆಲ್ಲ ಅಂಟಿಸಿಕೊಂಡು, ಕ್ಯಾಮೆರಾಗಳ ನಡುವೆ ಸಾಕೆನ್ನುವಷ್ಟು ಸಲ ನಡೆದರು. ಆ ನಡಿಗೆಯನ್ನು ಅವಳು ಜಂಗುಳಿಯಲ್ಲಿ ಹಲವರಿಗೆ ಹಂಚಿದಳು.

ಕೆಲವು ವಾರಗಳ ಮೇಲೆ ಮೇಲಧಿಕಾರಿ ಹೇಳಿದ: “ಸೇತುವೆ ಕುಸಿಯುವಾಗ ಯಾರಾದ್ರೂ ಹಿಂದೆ ಉಳೀಬೇಕಲ್ಲ. ಈ ಕುಂಟೋರೇ ಬೀಳಲಿ.” ಅವಳು ಅವನು ಹೇಳಿದಂತೆಯೇ ಮಾಡಿಕೊಟ್ಟಳು.

ಆಟ ಬಿಡುಗಡೆಯಾಗುವ ಮುಂಚೆ ಕೆಲಸಗಾರರ ಮನೆಯವರಿಗೆಲ್ಲ ಅದನ್ನು ನೋಡಲು ಆಫೀಸಿಗೆ ಕರೆ ಬಂತು. ಬರಬೇಡಿ ಅನ್ನಲು ಅವಳಿಗೆ ನೆಪ ಹೊಳೆಯಲಿಲ್ಲ. ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು, ಮುಂದಿನ ಸಾಲಿನಲ್ಲೇ ಕೂತರು. ಪರದೆಯ ಮೇಲೆ ಸೈರನ್ ಕೂಗಿತು. ಜನ ಓಡಿದರು. ಹಿಂದೆ ಉಳಿದವರು ಒಬ್ಬೊಬ್ಬರೂ ಬಲಗಾಲು ಬೀಸಿದರು, ತೊಡೆ ಒತ್ತಿಕೊಂಡರು, ಬಿದ್ದರು. ಯಾರೋ ಕಿಸಕ್ಕನೆ ನಕ್ಕರು.

ಬಸ್ಸಿನಲ್ಲಿ ಚಿಕ್ಕಪ್ಪ ಕಿಟಕಿಯ ಕಡೆಯೇ ನೋಡುತ್ತ ಕೇಳಿದರು: “ನನ್ನ ಹಾಗೆ ನಡೆಯೋರೇ ಬೀಳೋರು ಅಂತ ನಿಂಗೆ ಮೊದಲೇ ಗೊತ್ತಿತ್ತಾ?”

“ನಡೆಯೋಕೆ ಕರೆದಾಗ ಗೊತ್ತಿರ್ಲಿಲ್ಲ, ಚಿಕ್ಕಪ್ಪ. ಆಮೇಲೆ ಗೊತ್ತಾಯ್ತು. ಸುಮ್ಮನಿದ್ದೆ.”

“ಹೂಂ,” ಎಂದರು.

ಮರುದಿನ ಅವಳು ಮೇಲಧಿಕಾರಿಯ ಎದುರು ಹಟ ಹಿಡಿದು ಕೂತಳು. ಕುಂಟುವವರ ಹೆಗಲಿಗೆ ಇನ್ನೊಬ್ಬರು ಕೈಕೊಟ್ಟು ಕರೆದೊಯ್ಯುವಂತೆ ತಿದ್ದಿದಳು. ಯಂತ್ರ ತಡವರಿಸಿತು, ದೂರದ ಮಂದಿಯನ್ನು ಕಡಿಮೆ ಮಾಡಿ ಹೊಂದಿಸಿದಳು. ಅವನು ಗೊಣಗುತ್ತಲೇ ಒಪ್ಪಿದ.

ಮನೆಯಲ್ಲಿ ಅದನ್ನು ತೋರಿಸಿದಾಗ ಚಿಕ್ಕಪ್ಪ ಕೊನೆಯವರೆಗೂ ನೋಡಿದರು. “ಚೆನ್ನಾಗಿದೆ ಕಣಮ್ಮ,” ಎಂದರು. ಮುನಿಸೇನೂ ಇರಲಿಲ್ಲ. ಆದರೆ ಈಗ ಅವಳು ಎದುರಿಗಿದ್ದರೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. ನೀರು ಬೇಕಾದರೂ ಚಿಕ್ಕಮ್ಮನನ್ನೇ ಕೂಗುತ್ತಾರೆ. ಚಿಕ್ಕಮ್ಮ ಮನೆಯಲ್ಲಿಲ್ಲದ ದಿನ ಅವಳು, ಅವರು ಎದ್ದು ಓಡಾಡಲೆಂದು, ಏನೋ ಕೆಲಸವಿದೆ ಅಂದು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಸುಮ್ಮನೆ ಕೂತಿರುತ್ತಾಳೆ.